ಒಂದು ಮರದಚ್ಚಿನ ಚಿತ್ರ ಮತ್ತು ಒಂಬತ್ತನೆಯ ತರಗತಿ

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಚಿತ್ರಕ್ಕೆ ಇರುವ ಜಾಗ ಒಂದೇ. ‘ಬೋಧನೋಪಕರಣಗಳು’ ಎಂಬ ಅಂಕಣದಲ್ಲಿ, ಸೀಮೆಸುಣ್ಣ ಮತ್ತು ಕರಿಹಲಗೆಯ ಪಕ್ಕದಲ್ಲಿ, ‘ಚಿತ್ರಪಟ – 1’ ಎಂದು ಬರೆದರೆ ಮುಗಿಯಿತು. ಪ್ರಶಿಕ್ಷಣಾರ್ಥಿ ಮೊದಲು ಕಥೆ ಹೇಳುತ್ತಾರೆ, ಆಮೇಲೆ ಪಟ ಎತ್ತಿ ಹಿಡಿಯುತ್ತಾರೆ. “ನೋಡಿ ಮಕ್ಕಳೇ, ಇವನೇ ಆ ರಾಜ.” ಮಕ್ಕಳು ನೋಡುತ್ತಾರೆ. ಪಟ ಮಡಿಕೆಯಾಗಿ ಮೇಜಿನ ಮೇಲೆ ಹೋಗುತ್ತದೆ. ವೀಕ್ಷಕರು ತಮ್ಮ ಹಾಳೆಯಲ್ಲಿ ‘ಉಪಕರಣ ಬಳಕೆ: ಸೂಕ್ತ’ ಎಂದು ಗುರುತು ಹಾಕುತ್ತಾರೆ. ಹೀಗೆ ಗುರುತು ಹಾಕಿದವರಲ್ಲಿ ನಾನೂ ಒಬ್ಬ. ಈ ಕ್ರಮ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚಿತ್ರವನ್ನೂ ಪಠ್ಯದಂತೆ ಓದಬಹುದು, ಅದು ಕಥೆಗೆ ಕೈಗೊಂಬೆಯಾಗಬೇಕಿಲ್ಲ ಎಂಬುದಕ್ಕೆ ನಾನು ಕೆಲವು ವರ್ಷಗಳಿಂದ ಕಾಲೇಜಿನಲ್ಲಿ ಬಳಸುತ್ತಿರುವ ಒಂದು ಪುಸ್ತಕದ ವಿಚಾರ ಹೇಳಬೇಕೆನಿಸಿದೆ. ಈ ಸಲದ ಅಭ್ಯಾಸ ಬೋಧನೆಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಅದರ ಒಂದೇ ಒಂದು ಚಿತ್ರವನ್ನು ಹಿಡಿದು ಪ್ರೌಢಶಾಲೆಗೆ ಹೋದರು. ಅಲ್ಲಿ ನಡೆದದ್ದೂ ಬರೆಯುವಂಥದೇ.

ಪುಸ್ತಕದ ಹೆಸರು ‘ಡಾಫ್ನಿಸ್ ಮತ್ತು ಕ್ಲೋಯಿ’. ಮೂಲ ಗ್ರೀಕ್ ಗದ್ಯ. ಬರೆದವನು ಲಾಂಗಸ್ ಎಂಬವನು, ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿಗೆ. ಕಥೆ ನಡೆಯುವುದು ಲೆಸ್ಬಾಸ್ ದ್ವೀಪದಲ್ಲಿ, ಮಿಟಿಲೀನಿ ಪಟ್ಟಣದ ಹೊರಗಿನ ಹೊಲ ಗೋಮಾಳಗಳಲ್ಲಿ. ಆಡು ಕಾಯುವ ಲಾಮನ್‌ಗೆ ಒಂದು ಆಡು ಮನುಷ್ಯರ ಕೂಸಿಗೆ ಹಾಲೂಡುತ್ತಿರುವುದು ಕಾಣುತ್ತದೆ. ಆ ಕೂಸು ಡಾಫ್ನಿಸ್. ಎರಡು ವರ್ಷ ಕಳೆದ ಮೇಲೆ ಕುರಿ ಕಾಯುವ ಡ್ರಯಾಸ್‌ಗೆ ವನದೇವತೆಯರ ಗುಹೆಯಲ್ಲಿ ಕುರಿಯ ಹಾಲು ಕುಡಿಯುತ್ತಿರುವ ಹೆಣ್ಣುಕೂಸು ಸಿಗುತ್ತದೆ. ಅದು ಕ್ಲೋಯಿ. ಹುಡುಗನಿಗೆ ಹದಿನೈದು, ಹುಡುಗಿಗೆ ಹದಿಮೂರು ಆದಾಗ ಇಬ್ಬರನ್ನೂ ಮಂದೆ ಕಾಯಲು ಕಳಿಸುತ್ತಾರೆ. ಒಬ್ಬರ ಮೇಲೊಬ್ಬರಿಗೆ ಮನಸ್ಸಾಗುತ್ತದೆ, ಆದರೆ ಅದಕ್ಕೆ ಏನು ಹೆಸರು ಎಂಬುದು ಇಬ್ಬರಿಗೂ ಗೊತ್ತಿಲ್ಲ. ನಾಲ್ಕು ಸಂಪುಟಗಳ ಈ ಕಥೆಯ ಹೂರಣ ಅದೇ: ಹೆಸರು ಗೊತ್ತಿಲ್ಲದ ಒಂದು ಸಂಕಟ, ಅದರ ಸುತ್ತ ಋತುಗಳು ಬಂದು ಹೋಗುವುದು. ನಡುವೆ ಕಡಲ್ಗಳ್ಳರು, ನೆರೆಯೂರಿನವರ ದಾಳಿ, ತೋಳದ ತೊಗಲು ಹೊದ್ದು ಬಂದು ನಾಯಿಗಳಿಂದ ಕಚ್ಚಿಸಿಕೊಳ್ಳುವ ಒಬ್ಬ ದನಗಾಹಿ. ಕಡೆಗೆ ಇಬ್ಬರೂ ಪಟ್ಟಣದ ಸಿರಿವಂತರ ಮಕ್ಕಳೆಂದು ತಿಳಿದು ಮದುವೆ.

ಶಿಕ್ಷಕರಿಗೆ ಮುಖ್ಯವಾಗಬೇಕಾದದ್ದು ಈ ಕಥೆ ಶುರುವಾಗುವ ರೀತಿ. ಲಾಂಗಸ್‌ನ ಪೀಠಿಕೆಯಲ್ಲಿ ನಿರೂಪಕ ಲೆಸ್ಬಾಸ್‌ನಲ್ಲಿ ಬೇಟೆಗೆ ಹೋಗಿ ವನದೇವತೆಯರ ತೋಪಿನಲ್ಲಿ ಒಂದು ಚಿತ್ರ ನೋಡುತ್ತಾನೆ. ಹೆರುತ್ತಿರುವ ಹೆಂಗಸರು, ಬಟ್ಟೆ ಸುತ್ತಿದ ಕೂಸುಗಳು, ಹಾಲೂಡುವ ಪ್ರಾಣಿಗಳು, ಕೂಸನ್ನೆತ್ತಿಕೊಳ್ಳುವ ಕುರುಬರು, ಮಾತು ಕೊಡುವ ಹರೆಯದವರು, ಕಳ್ಳರು, ಶತ್ರುಗಳು, ಎಲ್ಲವೂ ಒಂದೇ ಚಿತ್ರದಲ್ಲಿ. ಅವನು ಮೆಚ್ಚಿ ಸುಮ್ಮನಾಗುವುದಿಲ್ಲ. ಚಿತ್ರದ ಅರ್ಥ ಬಿಡಿಸಿ ಹೇಳುವವನೊಬ್ಬನನ್ನು ಹುಡುಕಿ, ಕೇಳಿಕೊಂಡು, ಆಮೇಲೆ ಬರೆಯಲು ಕೂರುತ್ತಾನೆ. ಚಿತ್ರಕ್ಕೆ ಉತ್ತರವಾಗಿ ಬರಹ! ನಮ್ಮ ಪಾಠಯೋಜನೆಯ ಕ್ರಮಕ್ಕೆ ಇದು ನೇರ ತಿರುಗುಮುರುಗು. ಇಲ್ಲಿ ಚಿತ್ರ ಮೊದಲು, ಪ್ರಶ್ನೆ ಆಮೇಲೆ, ಕಥೆ ಕೊನೆಗೆ. ಹೀಗೆ ಚಿತ್ರದಿಂದ ಹುಟ್ಟಿದೆನೆಂದು ಹೇಳಿಕೊಳ್ಳುವ ಪುಸ್ತಕಕ್ಕೆ ಸಾವಿರದ ಆರುನೂರು ಚಿಲ್ಲರೆ ವರ್ಷಗಳ ನಂತರ ಲಂಡನ್ನಿನ ಇಬ್ಬರು ಮತ್ತೆ ಚಿತ್ರ ಬರೆದರು.

ಅವರು ಚಾರ್ಲ್ಸ್ ರಿಕೆಟ್ಸ್ ಮತ್ತು ಚಾರ್ಲ್ಸ್ ಶ್ಯಾನನ್. ದಕ್ಷಿಣ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಮರಗೆತ್ತನೆ ಕಲಿಸುತ್ತಿದ್ದ ಕಲಾಶಾಲೆಯಲ್ಲಿ ಹದಿಹರೆಯದಲ್ಲೇ ಭೇಟಿಯಾದವರು, ಬದುಕಿನುದ್ದಕ್ಕೂ ಒಟ್ಟಿಗೇ ಇದ್ದವರು. ಅವರ ‘ಡಾಫ್ನಿಸ್ ಮತ್ತು ಕ್ಲೋಯಿ’ 1893ರಲ್ಲಿ ಪ್ರಕಟವಾಯಿತು. ಅಚ್ಚಾದದ್ದು 210 ಪ್ರತಿ. ಅದರಲ್ಲಿ ಮರದಚ್ಚಿನ 37 ಚಿತ್ರಗಳೂ ಬಳ್ಳಿ ಹೂವು ಸುತ್ತಿದ ಮೊದಲಕ್ಷರಗಳೂ ಇವೆ. ಇಂಗ್ಲಿಷ್ ಪಠ್ಯ ಹೊಸದಲ್ಲ, ಜಾರ್ಜ್ ಥಾರ್ನ್ಲಿ ಎಂಬವನು 1657ರಲ್ಲಿ ಮಾಡಿದ ಅನುವಾದ.

ಆ ಕಾಲದಲ್ಲಿ ಮರ ಕೆತ್ತುವ ಕೆಲಸ ಹೇಗಿತ್ತೆಂದು ಸ್ವಲ್ಪ ಹೇಳದಿದ್ದರೆ ಇದರ ಬೆಲೆ ತಿಳಿಯುವುದಿಲ್ಲ. ಹಳೆಯ ಮರದಚ್ಚಿನಲ್ಲಿ ಹಲಗೆಯನ್ನು ಉದ್ದಕ್ಕೆ ಸೀಳಿ ಅದರ ಮೈಮೇಲೆ ಚಾಕುವಿನಿಂದ ಕೆತ್ತುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಥಾಮಸ್ ಬ್ಯೂಯಿಕ್ ಎಂಬ ಇಂಗ್ಲಿಷ್ ಕುಶಲಕರ್ಮಿ ಬೇರೆ ದಾರಿಯನ್ನು ಜನಪ್ರಿಯಗೊಳಿಸಿದ. ಗಟ್ಟಿಯಾದ ಬಾಕ್ಸ್ ಮರವನ್ನು ಅಡ್ಡಕ್ಕೆ ಕೊಯ್ದು, ನಯವಾದ ಆ ತುದಿಮೈ ಮೇಲೆ ಲೋಹ ಕೆತ್ತುವ ಉಳಿಯಿಂದ ಕೂದಲೆಳೆಯಷ್ಟು ಸಣ್ಣ ಗೆರೆ ತೆಗೆಯುವುದು. ಇದರಿಂದ ಪತ್ರಿಕೆ ಪುಸ್ತಕಗಳ ಚಿತ್ರ ದೊಡ್ಡ ಉದ್ಯಮವಾಯಿತು. ಕಲಾವಿದ ಚಿತ್ರ ಬರೆದು ಕೊಡುತ್ತಾನೆ, ಕಾರ್ಖಾನೆಯಂಥ ಕೋಣೆಯಲ್ಲಿ ಕುಳಿತ ಕೆತ್ತನೆಗಾರರು ಅವನ ಲೇಖನಿಯ ಗೀಚುಗಳನ್ನೂ ಬಿಡದೆ ಮರದಲ್ಲಿ ಉಳಿಸುತ್ತಾರೆ. ಬರೆದವನೊಬ್ಬ, ಕೆತ್ತಿದವನೊಬ್ಬ. 1890ರ ದಶಕಕ್ಕೆ ಛಾಯಾಚಿತ್ರದ ಸಹಾಯದಿಂದ ಲೋಹದ ಅಚ್ಚು ಮಾಡುವುದು ಬಂದು ಆ ಕೆತ್ತನೆಗಾರರೂ ಕೆಲಸ ಕಳೆದುಕೊಳ್ಳತೊಡಗಿದರು. ಆಬ್ರೆ ಬಿಯರ್ಡ್ಸ್‌ಲಿಯ ಹೆಸರು ಮಾಡಿದ ಆರ್ಥರ್ ರಾಜನ ಕಥೆಯ ಚಿತ್ರಗಳು ಹೊರಬರತೊಡಗಿದ್ದು ಇದೇ 1893ರಲ್ಲಿ, ಆ ಲೋಹದ ಅಚ್ಚಿನಿಂದಲೇ. ಅಂಥ ಹೊತ್ತಿನಲ್ಲಿ ರಿಕೆಟ್ಸ್ ಮತ್ತು ಶ್ಯಾನನ್ ತಾವೇ ಕಲ್ಪಿಸಿ, ತಾವೇ ಮರದ ಮೇಲೆ ಬರೆದು, ತಾವೇ ಕೆತ್ತಿದರು. ತಿಂಗಳುಗಟ್ಟಲೆ ಹಿಡಿದ ಕೆಲಸ.

ಇದನ್ನು ಪ್ರಶಿಕ್ಷಣಾರ್ಥಿಗಳಿಗೆ ಮಾತಿನಲ್ಲಿ ಹೇಳಿದರೆ ಹತ್ತುವುದಿಲ್ಲ. ಬಟ್ಟೆ ಸೋಪಿನ ಒಂದೊಂದು ತುಂಡು ಕೊಟ್ಟು, ಕೈವಾರದ ಮೊನೆಯಿಂದ ‘ಕ’ ಅಕ್ಷರ ಕೆತ್ತಿ ಶಾಯಿ ಮೆತ್ತೆಗೆ ಒತ್ತಿ ಅಚ್ಚು ಹಾಕಿ ಎನ್ನುತ್ತೇನೆ. ಹೆಚ್ಚಿನವರು ಅಕ್ಷರವನ್ನೇ ಕೊರೆಯುತ್ತಾರೆ. ಕಪ್ಪು ಚೌಕದಲ್ಲಿ ಬಿಳಿ ‘ಕ’ ಬರುತ್ತದೆ, ಅದೂ ತಿರುಗಿ. ಕಪ್ಪು ಗೆರೆಯ ‘ಕ’ ಬೇಕೆಂದರೆ ಗೆರೆಯನ್ನು ಮುಟ್ಟದೆ ಅದರ ಎರಡೂ ಬದಿಯ ಸೋಪನ್ನು ತೆಗೆಯಬೇಕು. ಇಡೀ ಅಕ್ಷರ ಎಂದರೆ ತೆಗೆಯದೆ ಬಿಟ್ಟದ್ದು. ಒಬ್ಬರ ‘ಕ’ದ ತಲೆಕಟ್ಟು ಮೂರು ಸಲ ಮುರಿಯಿತು. ನಾಲ್ಕನೆಯ ಸಲ ಅವರು ತಲೆಕಟ್ಟನ್ನೇ ದಪ್ಪ ಮಾಡಿಕೊಂಡರು. ಅಷ್ಟು ಸಾಕು. ಮರದಚ್ಚಿನಲ್ಲಿ ಒಂದು ಕಪ್ಪು ಗೆರೆ ಇದೆ ಎಂದರೆ ಯಾರೋ ಅದರ ಎರಡೂ ಬದಿ ಉಳಿ ಆಡಿಸಿ ಅದನ್ನು ಉಳಿಸಿಕೊಂಡಿದ್ದಾರೆ. ಕೈತಪ್ಪಿ ಬೀಳುವ ಗೆರೆ ಅಲ್ಲಿ ಇಲ್ಲ. ಹಾಗಾಗಿ ‘ಇದು ಇಲ್ಲಿ ಯಾಕಿದೆ?’ ಎಂಬ ಪ್ರಶ್ನೆಗೆ ಬೇರೆ ಬಗೆಯ ಚಿತ್ರಗಳಿಗಿಂತ ಇಲ್ಲಿ ಹೆಚ್ಚಿನ ಹಕ್ಕಿದೆ. ಹಿಮದ ನೋಟವಾದರೆ ಹಿಮ ಎಂಬುದು ಬರಿಯ ಕಾಗದ, ಮರವನ್ನೆಲ್ಲ ತೆಗೆದುಹಾಕಿದ ಜಾಗ. ಲಾಂಗಸ್‌ನ ಮೂರನೆಯ ಸಂಪುಟದಲ್ಲಿ ಚಳಿಗಾಲ ಬಂದು ಹಿಮ ದಾರಿಗಳನ್ನೆಲ್ಲ ಮುಚ್ಚಿ ಇಬ್ಬರನ್ನೂ ಅವರವರ ಮನೆಯಲ್ಲಿ ಕೂಡಿಹಾಕುತ್ತದೆ. ಡಾಫ್ನಿಸ್ ಹಕ್ಕಿ ಹಿಡಿಯುವ ನೆಪ ಮಾಡಿಕೊಂಡು ಕ್ಲೋಯಿಯ ಮನೆಯ ಮುಂದಿನ ಐವಿ ಬಳ್ಳಿಯ ಹತ್ತಿರ ಬಂದು ಕಾಯುತ್ತಾನೆ. ಹಕ್ಕಿ ಸಿಗುತ್ತದೆ, ಹುಡುಗಿ ಹೊರಗೆ ಬರುವುದಿಲ್ಲ. ಆ ಕಾಯುವಿಕೆಯನ್ನು ಗೆರೆಯಲ್ಲಿ ಹೇಗೆ ಹೇಳುವುದು? ನಾನು ಪಠ್ಯವನ್ನು ಓದಿ ಹೇಳಿ, ಪ್ರಶಿಕ್ಷಣಾರ್ಥಿಗಳಿಗೆ ಬರಿಯ ಹಾಳೆ ಕೊಡುತ್ತೇನೆ. ಹಾಳೆಯ ಎಷ್ಟು ಭಾಗವನ್ನು ಖಾಲಿ ಬಿಡುತ್ತಾರೆ ಎಂಬುದನ್ನೇ ನೋಡುತ್ತೇನೆ.

ಇನ್ನು ಶೈಲಿ. ಈ ಇಬ್ಬರು ಕಣ್ಣಿಟ್ಟದ್ದು ಗ್ರೀಸಿನ ಮೇಲಲ್ಲ, ವೆನಿಸ್ಸಿನ ಮೇಲೆ. 1499ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಷಿಯಸ್ ಅಚ್ಚು ಹಾಕಿದ ‘ಹಿಪ್ನೆರೊಟೊಮಾಕಿಯಾ ಪೋಲಿಫಿಲಿ’ ಎಂಬ ಕನಸಿನ ಪ್ರೇಮಕಥೆಯಲ್ಲಿ 170ಕ್ಕೂ ಹೆಚ್ಚು ಮರದಚ್ಚುಗಳಿವೆ. ನೆರಳು ಕಡಿಮೆ, ಹೊರಗೆರೆಯೇ ಪ್ರಧಾನ, ಅಕ್ಷರದ ಜೊತೆ ಜಗಳವಾಡದ ಹಗುರ ಚಿತ್ರ. ರಿಕೆಟ್ಸ್ ಮತ್ತು ಶ್ಯಾನನ್ ಆ ಮಾದರಿ ಹಿಡಿದರು. ಅವರಿಗಿಂತ ಎರಡು ವರ್ಷ ಮೊದಲು, 1891ರಲ್ಲಿ, ವಿಲಿಯಂ ಮಾರಿಸ್ ತನ್ನ ಕೆಲ್ಮ್‌ಸ್ಕಾಟ್ ಮುದ್ರಣಾಲಯ ಶುರು ಮಾಡಿದ್ದ; ಅವನ ಪುಟಗಳು ಕಪ್ಪು ಬಳ್ಳಿಗಳಿಂದ ತುಂಬಿ ಭಾರವಾಗಿ ಕೂರುತ್ತವೆ. ನನಗೆ ಮಾರಿಸ್‌ನ ಪುಟ ನೋಡಿದಾಗ ದೇವಸ್ಥಾನದ ಬಾಗಿಲುವಾಡದ ಮುಂದೆ ನಿಂತ ಹಾಗಾಗುತ್ತದೆ, ಓದುವ ಮನಸ್ಸಾಗುವುದಿಲ್ಲ. ಈ ಪುಸ್ತಕದ ಪುಟಕ್ಕೆ ಗಾಳಿ ಇದೆ. ಇದು ನನ್ನ ರುಚಿ, ಒಪ್ಪದವರು ಇರಬಹುದು.

ಹೀಗಾಗಿ ಪದರ ಎಣಿಸಿ ನೋಡಿ. ಲೆಸ್ಬಾಸ್‌ನ ಕಥೆ, ಎರಡನೆಯ ಶತಮಾನದ ಗ್ರೀಕ್. ಹದಿನೇಳನೆಯ ಶತಮಾನದ ಇಂಗ್ಲಿಷ್. ಹದಿನೈದನೆಯ ಶತಮಾನದ ಇಟಲಿಯ ಗೆರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಲಂಡನ್ನಿನ ಕೈ. ಪಠ್ಯವಾದರೂ ಇಡಿಯಾಗಿ ಇತ್ತೆ? ಅದೂ ಇಲ್ಲ. ಮೊದಲ ಸಂಪುಟದ ಒಂದು ಭಾಗ ಶತಮಾನಗಳ ಕಾಲ ಓದುಗರಿಗೆ ಸಿಕ್ಕಿರಲಿಲ್ಲ. ಡಾಫ್ನಿಸ್ ತೋಳದ ಗುಂಡಿಗೆ ಬಿದ್ದು, ಅವನನ್ನು ಮೇಲೆತ್ತಿದ ಮೇಲೆ ಮೈ ತೊಳೆಯುವ ಪ್ರಸಂಗ, ಕ್ಲೋಯಿ ಮೊದಲ ಬಾರಿಗೆ ಅವನನ್ನು ‘ಕಾಣುವ’ ಗಳಿಗೆ, ಗಾಯವಿಲ್ಲದೆ ನೋಯುವುದೇಕೆಂದು ತನ್ನಲ್ಲೇ ಅಂದುಕೊಳ್ಳುವ ಅವಳ ಮಾತು, ಎಲ್ಲವೂ ಕಾಣೆಯಾದ ಆ ಭಾಗದಲ್ಲೇ. ಥಾರ್ನ್ಲಿ 1657ರಲ್ಲಿ ಕುಳಿತಾಗ ಅವನ ಮುಂದೆ ಅದು ಇರಲಿಲ್ಲ. 1809ರಲ್ಲಿ ಪಾಲ್ ಲೂಯಿ ಕೂರಿಯೆ ಎಂಬ ಫ್ರೆಂಚ್ ವಿದ್ವಾಂಸ ಫ್ಲಾರೆನ್ಸಿನ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ ಅದನ್ನು ಕಂಡುಹಿಡಿದ. ಕಂಡುಹಿಡಿದ ಪುಟದ ಮೇಲೆಯೇ ಅವನ ಶಾಯಿ ಚೆಲ್ಲಿ ದೊಡ್ಡ ಗಲಾಟೆಯೂ ಆಯಿತು. ಆ ಕಲೆ ಇಂದಿಗೂ ಪ್ರಸಿದ್ಧ. ಪ್ರಶಿಕ್ಷಣಾರ್ಥಿಗಳಿಗೆ ನಾನು ಈ ಭಾಗವನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಕಥೆ ಹೇಳುತ್ತೇನೆ. ಬಿಟ್ಟು ಹೇಳಿದಾಗ ಪ್ರೀತಿ ಎಲ್ಲಿಂದ ಬಂತೆಂದೇ ಗೊತ್ತಾಗುವುದಿಲ್ಲ. ಹುಡುಗಿಯ ಕಡೆ ಕಥೆಯಲ್ಲಿ ಅರ್ಧ ಕುಸಿಯುತ್ತದೆ. ಚಿತ್ರಕ್ಕೂ ಇದೇ ಅನ್ವಯ. ಕಲಾವಿದ ಯಾವ ಗಳಿಗೆಯನ್ನು ಆರಿಸಿಕೊಳ್ಳುತ್ತಾನೆ, ಯಾವುದನ್ನು ಬಿಡುತ್ತಾನೆ ಎಂಬುದೇ ಅವನ ವ್ಯಾಖ್ಯಾನ.

ನಡುವೆ ಒಂದು ಮಾತು. ಕುರುಬರ ಹಾಡುಗಬ್ಬಕ್ಕೆ ಮರದಚ್ಚು ಹಾಕಿದವರಲ್ಲಿ ನಮ್ಮ ವೃತ್ತಿಗೆ ಇನ್ನೂ ಹತ್ತಿರವಾದವನು ವಿಲಿಯಂ ಬ್ಲೇಕ್. ರಾಬರ್ಟ್ ಥಾರ್ನ್‌ಟನ್ ಎಂಬ ವೈದ್ಯ ವರ್ಜಿಲ್‌ನ ಗೋಪಕಾವ್ಯಗಳನ್ನು ಶಾಲಾಮಕ್ಕಳಿಗೆಂದು ಅಚ್ಚು ಹಾಕಿಸುತ್ತಿದ್ದ. 1821ರ ಆವೃತ್ತಿಗೆ ಬ್ಲೇಕ್ ಪುಟ್ಟ ಮರಗೆತ್ತನೆಗಳನ್ನು ಮಾಡಿಕೊಟ್ಟ. ಅವನ ಕೈಯ ಕೆತ್ತನೆ 17; ಒಂದೊಂದೂ ಅಂಗೈಗಿಂತ ಚಿಕ್ಕದು, ಕಪ್ಪಿನೊಳಗಿಂದ ಬಿಳಿ ಗೆರೆ ಎದ್ದು ಬರುವ ಕತ್ತಲ ಬೆಟ್ಟ, ಬಾಗಿದ ಪೈರು, ದಾರಿಯ ಪಕ್ಕ ಲಂಡನ್ನಿಗೆ 62 ಮೈಲಿ ಎಂದು ಹೇಳುವ ಮೈಲಿಗಲ್ಲು. ವೃತ್ತಿಪರ ಕೆತ್ತನೆಗಾರರಿಗೆ ಇವು ಒರಟಾಗಿ ಕಂಡವು, ಬೇರೆಯವರಿಂದ ಮತ್ತೆ ಕೆತ್ತಿಸುವ ಮಾತೂ ಬಂತು, ಕೆಲವನ್ನು ಹಾಗೆ ಮಾಡಿದರು ಕೂಡ. ಕಡೆಗೆ ಕಲಾವಿದರು ಬೆಂಬಲಕ್ಕೆ ನಿಂತದ್ದರಿಂದ ಉಳಿದವು, ಆದರೆ ಪುಟಕ್ಕೆ ಹೊಂದಲೆಂದು ಅಂಚು ಕತ್ತರಿಸಿ, ಕೆಳಗೆ ಕ್ಷಮೆ ಕೇಳುವ ಧಾಟಿಯ ಟಿಪ್ಪಣಿ ಹಾಕಿ. ಪಠ್ಯಪುಸ್ತಕ ಸಮಿತಿಗಳು ಎಲ್ಲ ಕಾಲದಲ್ಲೂ ಒಂದೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ನಕ್ಕರು. ಆ ಮೈಲಿಗಲ್ಲನ್ನು ಮಾತ್ರ ಮರೆಯಬಾರದು. ಕುರುಬನ ಚಿತ್ರದಲ್ಲಿ ಪಟ್ಟಣದ ದೂರ ಕೆತ್ತಿದೆ. ಗೋಪಕಾವ್ಯ ಎಂಬುದೇ ಪಟ್ಟಣದಿಂದ ಅಳೆದ ಹಳ್ಳಿ.

ಈಗ ತರಗತಿಗೆ ಬರುತ್ತೇನೆ. ಆ ಪ್ರಶಿಕ್ಷಣಾರ್ಥಿ ಆರಿಸಿಕೊಂಡದ್ದು 1893ರ ಪುಸ್ತಕದ ಮದುವೆಯ ಊಟದ ಚಿತ್ರ. ಶಾಲೆಯ ಒಬ್ಬ ಹಿರಿಯ ಶಿಕ್ಷಕರಿಗೆ ಇದು ಸರಿಕಾಣಲಿಲ್ಲ. ಒಂಬತ್ತನೆಯ ತರಗತಿಗೆ ಪ್ರೇಮಕಥೆ ಬೇಕೆ, ಅದೂ ಹದಿಮೂರರ ಹುಡುಗಿ ಹದಿನೈದರ ಹುಡುಗನದು, ಎಂದು ಕೇಳಿದರು. ಆಕ್ಷೇಪ ಹಗುರವಾದದ್ದಲ್ಲ. ಹದಿಮೂರರ ಹುಡುಗಿಯರು ನಿಜಕ್ಕೂ ಎದುರಿಗೆ ಕುಳಿತಿರುತ್ತಾರೆ, ಕೆಲವರ ಮನೆಯಲ್ಲಿ ಮದುವೆಯ ಮಾತೂ ಬಂದಿರಬಹುದು. ನಾವು ಕುಳಿತು ಮಾತಾಡಿದೆವು. ಲಾಂಗಸ್‌ನಲ್ಲಿ ಹರೆಯದ ತರಗತಿಗೆ ಒಯ್ಯಲಾಗದ ಭಾಗಗಳಿವೆ, ಮುಖ್ಯವಾಗಿ ಮೂರನೆಯ ಸಂಪುಟದಲ್ಲಿ. ಅವನ್ನು ಒಯ್ಯುವ ಮಾತೇ ಇರಲಿಲ್ಲ. ಒಯ್ದದ್ದು ಹೆಸರಿಲ್ಲದ ಸಂಕಟದ ಭಾಗವನ್ನು, ಮುದುಕ ಫಿಲೆಟಾಸ್ ತನ್ನ ತೋಟದಲ್ಲಿ ದಾಳಿಂಬೆ ಹಿಡಿದ ತುಂಟ ಹುಡುಗನೊಬ್ಬನನ್ನು ಕಂಡು ಅಟ್ಟಿಸಿಕೊಂಡು ಹೋದ ಕಥೆಯನ್ನು. ಆ ಹುಡುಗನೇ ಪ್ರೇಮದೇವತೆ, ಯಾರ ಕೈಗೂ ಸಿಗುವುದಿಲ್ಲ. ಮದುವೆಯ ವಯಸ್ಸಿನ ಮಾತು ಬಂದರೆ ಬರಲಿ, ನಮ್ಮ ದೇಶದ ಕಾನೂನು ಏನೆಂದು ನೇರವಾಗಿ ಹೇಳುವುದೆಂದು ತೀರ್ಮಾನವಾಯಿತು. ನನ್ನ ಅಭಿಪ್ರಾಯ ಹೇಳುವುದಾದರೆ, ಈ ವಯಸ್ಸಿನ ಮಕ್ಕಳಿಗೆ ಮನಸ್ಸಿನಲ್ಲಾಗುವುದಕ್ಕೆ ಮಾತು ಸಿಗದಿರುವ ಕಷ್ಟವನ್ನು ಕಥೆಯ ಮರೆಯಲ್ಲಿ ಮಾತಾಡಲು ಬಿಡದಿದ್ದರೆ, ಆ ಮಾತನ್ನು ಅವರು ಮೊಬೈಲಿನಿಂದ ಕಲಿಯುತ್ತಾರೆ.

ಚಿತ್ರದ ನಕಲನ್ನು ಆರು ಗುಂಪುಗಳಿಗೆ ಹಂಚಿದರು. ಶೀರ್ಷಿಕೆ ಇಲ್ಲ, ಕಥೆ ಹೇಳಿಲ್ಲ. ‘ಏನು ನಡೆಯುತ್ತಿದೆ? ಹಾಗೆಂದು ಹೇಳಲು ಚಿತ್ರದಲ್ಲಿ ಏನಿದೆ?’ ಎಂಬ ಎರಡೇ ಪ್ರಶ್ನೆ. ಊಟ ಎಂಬುದು ಎಲ್ಲರಿಗೂ ಗೊತ್ತಾಯಿತು. ಒಂದು ಗುಂಪು ಯೇಸುವಿನ ಕೊನೆಯ ಊಟ ಎಂದಿತು, ಇನ್ನೊಂದು ಅರಮನೆ ಎಂದಿತು. ‘ಹಾಗಾದರೆ ಹೆಂಗಸರು?’ ಎಂದು ಪಕ್ಕದ ಗುಂಪಿನವರೇ ಕೇಳಿ ಮೊದಲ ಉತ್ತರವನ್ನು ತಳ್ಳಿಹಾಕಿದರು. ಮದುವೆ ಎಂದು ಒಪ್ಪಿಗೆಯಾಗಲು ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷ ಶಿಕ್ಷಕಿ ಬಾಯಿ ಬಿಡಲಿಲ್ಲ. ಅಭ್ಯಾಸ ಬೋಧನೆಯಲ್ಲಿ ಹತ್ತು ನಿಮಿಷ ಸುಮ್ಮನಿರುವುದು ಎಷ್ಟು ಕಷ್ಟವೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಿಲ್ಲ.

ಆಮೇಲೆ ಕಥೆ. ಗುಂಡಿಗೆ ಬಿದ್ದ ಪ್ರಸಂಗ ಹೇಳುವಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ನೆಟ್ಟಗೆ ಕುಳಿತ. ಅವನ ಮನೆಯವರು ಕುರಿ ಸಾಕುವವರೆಂದು ಆಮೇಲೆ ತಿಳಿಯಿತು. ಕಥೆಯಲ್ಲಿ ಎರಡು ಹೋತಗಳು ಕಾದಾಡಿ ಒಂದರ ಕೊಂಬು ಮುರಿಯುತ್ತದೆ. ಡಾಫ್ನಿಸ್ ಸಿಟ್ಟಿನಿಂದ ಇನ್ನೊಂದನ್ನು ಅಟ್ಟಿಸಿಕೊಂಡು ಓಡುವಾಗ, ತೋಳ ಹಿಡಿಯಲು ಊರವರು ತೋಡಿ ಕಡ್ಡಿ ಮಣ್ಣು ಮುಚ್ಚಿದ್ದ ಗುಂಡಿಗೆ ಹೋತದ ಸಮೇತ ಬೀಳುತ್ತಾನೆ. ಮೇಲೆತ್ತಲು ಬಂದ ದನಗಾಹಿ ಡಾರ್ಕನ್‌ಗೆ ಗುಂಡಿಗೆ ಬಿದ್ದ ಆ ಹೋತವನ್ನೇ ಕೊಟ್ಟು, ಮನೆಯಲ್ಲಿ ಕೇಳಿದರೆ ತೋಳ ಬಂದಿತ್ತು ಎಂದು ಹೇಳುವುದೆಂದು ಮಕ್ಕಳಿಬ್ಬರೂ ಮಾತಾಡಿಕೊಳ್ಳುತ್ತಾರೆ. ಆ ಹುಡುಗ ಜೋರಾಗಿ ನಕ್ಕ. ಇದು ನಿಜ, ಹಾಗೇ ಹೇಳುವುದು, ಎಂದ. ಲಾಂಗಸ್‌ಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವ ವಿಮರ್ಶಕನೂ ಕೊಟ್ಟಿರಲಾರ.

ಆದರೆ ಐದು ನಿಮಿಷ ಕಳೆದ ಮೇಲೆ ಪ್ರಮಾಣಪತ್ರವನ್ನು ಅವನೇ ವಾಪಸ್ಸು ಪಡೆದ. ಇಬ್ಬರಿಗೂ ಪ್ರೀತಿ ಎಂದರೇನೆಂದು ಗೊತ್ತಿರಲಿಲ್ಲ ಎಂದು ಶಿಕ್ಷಕಿ ಹೇಳಿದಾಗ ಕೈ ಎತ್ತಿದ. “ಟೀಚರ್, ಆಡು ಕಾಯೋರಿಗೆ ಅದೆಲ್ಲ ಗೊತ್ತಿಲ್ದೆ ಇರುತ್ತಾ?” ತರಗತಿ ನಕ್ಕಿತು, ಹುಡುಗಿಯರು ತಲೆ ತಗ್ಗಿಸಿದರು. ನಾನು ಹಿಂದೆ ಕುಳಿತು ನನ್ನ ಹಾಳೆಯನ್ನೇ ನೋಡುತ್ತಿದ್ದೆ. ಶಿಕ್ಷಕಿ ಗದರಲಿಲ್ಲ, ನಗಲೂ ಇಲ್ಲ. “ಈ ಕಥೆ ಬರೆದವರು ಆಡು ಕಾದಿದ್ದರೋ?” ಎಂದು ಕೇಳಿದರು.

ನನ್ನ ಪ್ರಕಾರ ಆ ಪಾಠದ ತಿರುಳು ಆ ಪ್ರಶ್ನೆ. ಯೋಜನೆಯಲ್ಲಿ ಅದು ಬರೆದಿರಲಿಲ್ಲ. ಯಾಕೆಂದರೆ ಗೋಪಕಥೆ ಎಂಬ ಇಡೀ ಬಗೆಯ ಮೇಲೆ ವಿದ್ವಾಂಸರು ಎತ್ತುವ ಪ್ರಶ್ನೆಯನ್ನೇ ಆ ಹುಡುಗ ಎತ್ತಿದ್ದ. ಮಂದೆಯ ನಡುವೆ ಬೆಳೆದವರಿಗೆ ಇಷ್ಟು ಮುಗ್ಧತೆ ಇರುವುದಿಲ್ಲ. ಲಾಂಗಸ್‌ಗೂ ಇದು ಗೊತ್ತು. ಆಡು ಕುರಿಗಳು ಮಾಡುವುದನ್ನು ನೋಡಿ ಡಾಫ್ನಿಸ್ ಕೇಳುವ ಪ್ರಶ್ನೆಗಳು ಅವನ ಪುಟದಲ್ಲೇ ಇವೆ, ಅಲ್ಲಿ ಅವನು ತನ್ನ ಓದುಗರ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಾನೆ. ಆ ಓದುಗರು ಪಟ್ಟಣದವರು. ಮುಗ್ಧತೆ ಬೇಕಾಗಿರುವುದು ಅವರಿಗೆ. ಕುರುಬರ ಕಷ್ಟದ ಮಾತು ಕಥೆಯೊಳಗೆ ಅಡಗಿ ಕೂತಿದೆ: ಲಾಮನ್ ಗುಲಾಮ, ಅವನು ಸಾಕಿದ ಡಾಫ್ನಿಸ್ ಕೂಡ. ಹೊಲ, ತೋಟ, ಆಡು ಎಲ್ಲವೂ ಪಟ್ಟಣದಲ್ಲಿರುವ ಡೈಯನೈಸೊಫೇನಿಸ್‌ನದು. ಒಡೆಯ ಬರುತ್ತಾನೆಂದು ಸುದ್ದಿ ಬಂದಾಗ ತೋಟ ಸಿಂಗರಿಸುತ್ತಾರೆ, ಹಟಕ್ಕೆ ಬಿದ್ದವನೊಬ್ಬ ಆ ಹೂಗಿಡಗಳನ್ನು ತುಳಿದು ಹಾಳು ಮಾಡಿದಾಗ ಮನೆಯವರೆಲ್ಲ ಚಾಟಿಯೇಟಿನ ಭಯದಿಂದ ಅಳುತ್ತಾರೆ. ಮದುವೆಗೆ ಒಡೆಯನ ಒಪ್ಪಿಗೆ ಬೇಕು. ಇದನ್ನು ಶಿಕ್ಷಕಿ ಚಿಕ್ಕದಾಗಿ ಹೇಳಿದರು. ತರಗತಿಯ ನಗು ನಿಂತಿತ್ತು.

ಆಗ ಚಿತ್ರಕ್ಕೆ ಮರಳಿದರು. ಊಟಕ್ಕೆ ಕುಳಿತವರನ್ನು ಮತ್ತೆ ನೋಡಿ, ಇವರು ಕುರಿ ಕಾಯುವವರೋ ಪಟ್ಟಣದವರೋ? ಒಬ್ಬ ಹುಡುಗಿ, ಕೆಲವು ಮುಖ ಫೋಟೋದಲ್ಲಿರುವ ಹಾಗಿವೆ ಎಂದಳು. ಅವಳ ಕಣ್ಣಿಗೆ ನಮಸ್ಕಾರ. ಆ ಅತಿಥಿಗಳ ನಡುವೆ ರಿಕೆಟ್ಸ್ ಮತ್ತು ಶ್ಯಾನನ್ ತಮ್ಮ ಮತ್ತು ತಮ್ಮ ಗೆಳೆಯರ ಮುಖಗಳನ್ನು ಕೆತ್ತಿಟ್ಟಿದ್ದಾರೆ. ಲಂಡನ್ನಿನ ಕಲಾವಿದರು ಲೆಸ್ಬಾಸ್‌ನ ಕುರುಬರ ಮದುವೆಗೆ ಬಂದು ಪಂಕ್ತಿಯಲ್ಲಿ ಕುಳಿತಿದ್ದಾರೆ. ಗೆಳೆಯರ ನಡುವಿನ ತಮಾಷೆ ಎಂದು ಇದನ್ನು ತಳ್ಳಿಹಾಕಬಹುದು. ನಾನು ಹಾಗೆ ತಳ್ಳಿಹಾಕುವುದಿಲ್ಲ. 210 ಪ್ರತಿಯ ದುಬಾರಿ ಪುಸ್ತಕ ಕೊಳ್ಳುವವರು ಯಾರು, ಅದನ್ನು ಮಾಡುವವರು ಯಾರು ಎಂಬುದನ್ನು ಬಚ್ಚಿಡದೆ ಚಿತ್ರದೊಳಗೇ ಕೂರಿಸಿದ ಹಾಗಿದೆ ಅದು. ಬ್ಲೇಕ್‌ನ ಮೈಲಿಗಲ್ಲಿನ ಕೆಲಸವನ್ನೇ ಇಲ್ಲಿ ಈ ಮುಖಗಳು ಮಾಡುತ್ತವೆ. ಲಾಂಗಸ್ ತಾನು ಚಿತ್ರದ ಹೊರಗೆ ನಿಂತು ಅರ್ಥ ಕೇಳಿದ. ಇವರು ಒಳಗೆ ಹೋಗಿ ಊಟಕ್ಕೆ ಕುಳಿತರು.

ಇದನ್ನೆಲ್ಲ ಮಕ್ಕಳಿಗೆ ಹೇಳಲು ಸಮಯವಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ‘ಬರೆದವರು ತಮ್ಮನ್ನೇ ಬರೆದುಕೊಂಡಿದ್ದಾರೆ’ ಎಂದಷ್ಟೇ ಶಿಕ್ಷಕಿ ಹೇಳಿದ್ದು. “ಅವರನ್ನ ಯಾರು ಕರೆದ್ರು?” ಎಂದು ಹಿಂದಿನ ಬೆಂಚಿನಿಂದ ಬಂತು.

ಪಾಠದ ನಂತರದ ವಿಮರ್ಶಾ ಸಭೆಯಲ್ಲಿ ಆಕ್ಷೇಪಗಳಿದ್ದವು. ಉದ್ದೇಶಗಳು ಈಡೇರಿದವೇ? ‘ಜ್ಞಾನ, ತಿಳಿವಳಿಕೆ, ಅನ್ವಯ’ ಎಂದು ಬರೆದ ಮೂರರಲ್ಲಿ ಯಾವುದು ಎಷ್ಟು? ಮೌಲ್ಯಮಾಪನದ ಪ್ರಶ್ನೆಗಳನ್ನು ಕೇಳಲೇ ಇಲ್ಲವಲ್ಲ? ಮೂರನೆಯದು ಸರಿಯಾದ ಆಕ್ಷೇಪ. ಅವಧಿಯ ಗಂಟೆ ಹೊಡೆದಾಗ ಮಕ್ಕಳೇ ಪ್ರಶ್ನೆ ಕೇಳುತ್ತಿದ್ದರು. ಹಿರಿಯ ಶಿಕ್ಷಕರು ಅಲ್ಲಿಯವರೆಗೆ ಸುಮ್ಮನಿದ್ದವರು, ಆ ಹುಡುಗ ಈ ವರ್ಷ ತರಗತಿಯಲ್ಲಿ ಕೈ ಎತ್ತಿದ್ದನ್ನು ತಾವು ಇವತ್ತೇ ನೋಡಿದ್ದು ಎಂದರು. ಪ್ರೇಮಕಥೆಯ ಬಗ್ಗೆ ತಮ್ಮ ಅಭಿಪ್ರಾಯ ಬದಲಾಗಿಲ್ಲ ಎಂದೂ ಸೇರಿಸಿದರು. ಅವರ ಜೊತೆ ಈ ವಾದ ಮುಂದಿನ ವರ್ಷಕ್ಕೂ ಇದೆ.

ಗಂಟೆ ಹೊಡೆದಾಗ ನಿಂತಿದ್ದ ಪ್ರಶ್ನೆ ಮುಖ ಗುರುತಿಸಿದ ಆ ಹುಡುಗಿಯದೇ. “ಮದುವೆ ಆದ್ಮೇಲೆ ಅವಳು ಕುರಿ ಕಾದಳಾ?” ಉತ್ತರ ಲಾಂಗಸ್‌ನ ಕೊನೆಯ ಪುಟಗಳಲ್ಲಿದೆ. ಇಬ್ಬರಿಗೂ ಪಟ್ಟಣ ಒಗ್ಗದೆ ಮದುವೆಯನ್ನು ಹಳ್ಳಿಯಲ್ಲೇ, ಗುಹೆಯ ಮುಂದೆ, ಹಸಿರೆಲೆಯ ಹಾಸಿನ ಮೇಲೆ ಕುಳಿತು ಮಾಡಿಕೊಳ್ಳುತ್ತಾರೆ. ಆಡುಗಳೂ ಹತ್ತಿರದಲ್ಲೇ ಮೇಯುತ್ತಿರುತ್ತವೆ. ಆಮೇಲೂ ಹೆಚ್ಚಿನ ಕಾಲ ಅಲ್ಲೇ ಬದುಕುತ್ತಾರೆ, ಹಣ್ಣು ಹಾಲೇ ರುಚಿ ಎನ್ನುತ್ತಾರೆ, ಹುಟ್ಟಿದ ಮಗನಿಗೆ ಆಡಿನಿಂದ, ಮಗಳಿಗೆ ಕುರಿಯಿಂದ ಹಾಲೂಡಿಸುತ್ತಾರೆ. ಮಂದೆಗಳು ಬಹಳ ಇದ್ದವು ಎಂದಿದೆ. ಶಿಕ್ಷಕಿ ಮರುದಿನ ಬೇರೆ ಪಾಠ ಶುರುಮಾಡುವ ಮೊದಲು ಇದನ್ನು ಓದಿ ಹೇಳಿದರು. ಹುಡುಗಿ ಸ್ವಲ್ಪ ಯೋಚಿಸಿ, ಹಾಗಾದರೆ ಕಾಯುವುದಕ್ಕೆ ಬೇರೆಯವರನ್ನು ಇಟ್ಟಿರುತ್ತಾರೆ ಎಂದಳು. ಹಿಂದಿನ ಬೆಂಚಿನವನಿಗೆ ಬೇಕಾಗಿದ್ದದ್ದು ಲೆಕ್ಕ. ಬಹಳ ಅಂದರೆ ಎಷ್ಟು ಕುರಿ, ಎಂದು ಕೇಳಿದ.